ಸಾಲಿ ಹಿಂದ ವೈನ್ ಶಾಪ್ ಬರ್ಲಿಕತ್ತದ, ಅಳತಿ ಯಾವ ಗೇಟಿಗಿ ಹಿಡೀಬೇಕು?

ಪ್ರಶ್ನೆ: ಹೊಲಿಗಿ ಅಕ್ಕ, ಆಳಂದ ತಾಲೂಕು

ನಮಸ್ಕಾರ್ರೀ. ನಾನು ಊರಾಗ ಹೊಲಿಗಿ ಕೆಲಸ ಮಾಡ್ತೀನಿ. ಇಬ್ರು ಮಕ್ಕಳು ಸರ್ಕಾರಿ ಸಾಲಿಗಿ ಹೋಗ್ತಾವ, ನಾನು ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಸಮಿತಿ) ಸದಸ್ಯಳೂ ಇದ್ದೀನಿ. ಸಾಲಿ ಹಿಂದಿನ ಓಣ್ಯಾಗ ಎರಡು ಶಟರ್‌ನ ಮಳಿಗಿಗಿ ಹೋದ ವಾರ ಬಣ್ಣ ಹಚ್ಚಿ, ಕಬ್ಬಿಣದ ಜಾಳಿಗಿ ಕೂಡಿಸ್ಯಾರ. ಬ್ಯಾರೆ ಊರಿನ ಸಿಎಲ್-2 ಸನ್ನದು (ಬಾಟ್ಲಿ ಮಾರೋ ಅಂಗಡಿ ಲೈಸನ್ಸ್) ಇಲ್ಲಿಗಿ ತರ್ತಾರಂತ. ಕೇಳಿದ್ರ, "ಸಾಲಿ ಗೇಟಿಗಿ 140 ಮೀಟರ್ ಅದ, ಎಲ್ಲಾ ಕಾನೂನು ಪ್ರಕಾರ ಅದ" ಅಂತಾರ.

ಅವರು ಅಳದದ್ದು ರಸ್ತಾದ ಕಡಿ ಇರೋ ದೊಡ್ಡ ಗೇಟಿಗಿ. ಅದು ತೆರ್ಯೋದು ಆಗಸ್ಟ್ 15ಕ್ಕ, ಜನವರಿ 26ಕ್ಕ. ದಿನಾ ಮಕ್ಕಳು ಬರೋದು ಬಿಸಿಯೂಟದ ಖೋಲಿ ಬಾಜೂಕ ಇರೋ ಸಣ್ಣ ಗೇಟಿಂದ. ಗೌಂಡಿ ಹತ್ರ 30 ಮೀಟರ್ ಟೇಪ್ ಇಸ್ಕೊಂಡು, ಒಂದು ತುದಿ ಮಗಳ ಕೈಗಿ ಕೊಟ್ಟು, ಎರಡು ಕಡಿ ಸುಣ್ಣದ ಗುರ್ತು ಹಾಕಿ ಅಳದೆ. 84 ಮೀಟರ್ ಬಂತು. ಮರುದಿನ ಮತ್ತ ಅಳದೆ, ಅಷ್ಟೇ.

ನಮ್ಮಪ್ಪ ಕುಡದು ಕುಡದು ಎರಡು ಎಕರೆ ತೊಗರಿ ಹೊಲ ಕಳದಾನ. ನಮ್ಮ ಮಕ್ಕಳು ದಿನಾ ಆ ಜಾಳಿಗಿ ಮುಂದಿಂದ ಹಾದು ಹೋಗೋದು ನನಗ ಬ್ಯಾಡ. ಯಾವ ಅಳತಿ ಖರೇ? ಸುಪ್ರೀಂ ಕೋರ್ಟಿನ 500 ಮೀಟರ್ ನಮಗ ಬರ್ತದೇನು?

ಉತ್ತರ: ವಕೀಲರು, ಕಲಬುರಗಿ

ಅಕ್ಕಾರೆ, ನಿಮ್ಮ ಅಳತೆಯೇ ಸರಿ. ಕರ್ನಾಟಕ ಅಬಕಾರಿ ಸನ್ನದುಗಳ (ಸಾಮಾನ್ಯ ಷರತ್ತುಗಳು) ನಿಯಮಗಳು, 1967ರ 5ನೇ ನಿಯಮ ಓದಿರಿ. ಶಾಲೆ, ಆಸ್ಪತ್ರೆ, ಧಾರ್ಮಿಕ ಸಂಸ್ಥೆ, ಸರ್ಕಾರಿ ಕಚೇರಿಯಿಂದ 100 ಮೀಟರ್ ಒಳಗೆ ಸನ್ನದು ಕೊಡುವಂತಿಲ್ಲ. ಅಳತೆ ಹಿಡಿಯುವುದು ಅಂಗಡಿ ಬಾಗಿಲಿನ ನಡುಮಧ್ಯದಿಂದ, ಜನ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯಲ್ಲಿ, ಸಂಸ್ಥೆಯ ಅತಿ ಹತ್ತಿರದ ಗೇಟಿನ ನಡುಮಧ್ಯಕ್ಕೆ. ದೊಡ್ಡ ಗೇಟು ಅಂತ ನಿಯಮದಲ್ಲಿ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ಇರುವ ಬಡಾವಣೆಯಲ್ಲೂ ಕೊಡುವಂತಿಲ್ಲ. ನಿಮ್ಮ ಓಣಿ ಅಂಥದ್ದಾದರೆ ಅದನ್ನೂ ಬರೆಯಿರಿ.

500 ಮೀಟರ್ ಮಾತು ಬಿಡಿ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಎಂಬ 2016ರ ಡಿಸೆಂಬರ್ 15ರ ಆ ತೀರ್ಪು ರಾಷ್ಟ್ರೀಯ, ರಾಜ್ಯ ಹೆದ್ದಾರಿಗಳಿಗೆ ಮಾತ್ರ. 2017ರ ಮಾರ್ಚ್ 31ರಂದು, 20,000ಕ್ಕಿಂತ ಹೆಚ್ಚಿಲ್ಲದ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳಲ್ಲಿ ಅದನ್ನು 220 ಮೀಟರಿಗೆ ಇಳಿಸಿದರು. ನಿಮ್ಮದು ಓಣಿ.

ತಕರಾರು ಅರ್ಜಿಯನ್ನು ಜಿಲ್ಲಾಧಿಕಾರಿಗೂ ಜಿಲ್ಲೆಯ ಅಬಕಾರಿ ಉಪ ಆಯುಕ್ತರಿಗೂ ಕೊಡಿ, ನಿಮ್ಮ ಪ್ರತಿಯ ಮೇಲೆ ಆವಕ ಶಿಕ್ಕಾ ಹಾಕಿಸಿಕೊಳ್ಳಿ. ಅವರ ಸ್ಥಳ ಪರಿಶೀಲನೆ ವರದಿ, ನಕಾಶೆ ಬೇಕಾದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ. ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು.

ಉತ್ತರ: ನಿವೃತ್ತ ಮಾಸ್ತರ, ಶಹಾಪುರ

ತಂಗಿ, ನಮ್ಮ ಊರಾಗ ನಾವು ಒಂದು ತಪ್ಪು ಮಾಡಿದ್ವಿ. ಅರ್ಜಿ ತುಂಬಾ ಹಣಮಪ್ಪನ ಗುಡಿದೇ ಮಾತು ಬರದ್ವಿ. ಗುಡಿ ಯಾವ ನೋಂದಣ್ಯಾಗೂ ಇರ್ಲಿಲ್ಲ, ಅದನ್ನೇ ಹಿಡದು ಅರ್ಜಿ ಬದಿಗಿ ಸರಸಿದ್ರು. ಸಾಲಿ ಬಗ್ಗೆ ಒಂದೇ ಸಾಲು ಬರದಿದ್ವಿ, ದಾಖಲಿ ಹಚ್ಚಿರ್ಲಿಲ್ಲ. ಇವತ್ತಿಗೂ ಮನಸ್ಸಿಗಿ ಹತ್ತದ ಅದು. ನೀನು ಸಾಲಿ ಡೈಸ್ ಸಂಖ್ಯೆ (ಸರ್ಕಾರಿ ದಾಖಲಿದಾಗಿನ ಸಾಲಿ ಗುರ್ತಿನ ಸಂಖ್ಯೆ), ಮುಖ್ಯಗುರುಗಳ ಪತ್ರ ಹಚ್ಚು. ಮುಂಜಾನಿ ಮಕ್ಕಳು ಸಣ್ಣ ಗೇಟಿಂದ ಒಳಗ ಹೋಗೋ ಫೋಟೊ ನಾಕು ದಿನ ತಗಿ. ಪಂಚನಾಮಾಕ್ಕ ಬಂದಾಗ ಖಾಲಿ ಹಾಳಿ ಮ್ಯಾಲ ಯಾರೂ ಸಹಿ ಮಾಡಬ್ಯಾಡ್ರಿ.

ಉತ್ತರ: ಭಾಲ್ಕಿ ಕಡಿಯಾಕಿ

ಸಿಎಲ್-2ದಾಗ ಬಾಟ್ಲಿ ಒಯ್ಯಬೇಕು, ಅಲ್ಲೇ ಕುಂತು ಕುಡಿಯಂಗಿಲ್ಲ. ನಮ್ಮಲ್ಲಿ ಗ್ವಾಡಿ ಹಿಂದೇ ಕುಡಿತಿದ್ರು. ಹೆಣ್ಮಕ್ಕಳೆಲ್ಲ ಕೂಡಿ ಗ್ರಾಮಸಭೆದಾಗ ಠರಾವ್ ಬರಸಿದ್ವಿ, ಸನ್ನದು ವರ್ಷ ಜೂನ್ 30ಕ್ಕ ಮುಗಿಯೋಕಿಂತ ಮೊದಲೇ ಕೊಟ್ಟಿವಿ. ನವೀಕರಣದ ಹೊತ್ತಿಗಿ ಕಾಗದ ಮೇಜಿನ ಮ್ಯಾಲ ಇರಬೇಕು ಅಕ್ಕಾ.

ಹೊಲಿಗಿ ಅಕ್ಕ

ವಕೀಲರ, ಮಾಸ್ತರ, ಅಕ್ಕಾ, ದೊಡ್ಡ ಉಪಕಾರ ಆಯ್ತು. ಮುಖ್ಯಗುರುಗಳು ಪತ್ರ ಕೊಡ್ತೀನಿ ಅಂದಾರ. ಸುಣ್ಣದ ಗುರ್ತು ನಿನ್ನಿ ಯಾರೋ ನೀರು ಹೊಯ್ದು ಅಳಿಸ್ಯಾರ. ನಾಳಿ ಮತ್ತ ಟೇಪ್ ತರ್ತೀನಿ, ಈ ಸಲ ಎಸ್‌ಡಿಎಂಸಿ ಎಲ್ಲಾರ ಮುಂದ ಅಳೀತೀವಿ.