ಇಮೇಲ್ ಚರ್ಚಾ ಪಟ್ಟಿ: ಸ್ಪ್ಯಾಮರ್‌ಗಳನ್ನೂ ನಿಷ್ಕ್ರಿಯ ಸದಸ್ಯರನ್ನೂ ಯಾವ ಆಧಾರದ ಮೇಲೆ ತೆಗೆಯಬೇಕು?

ಪಟ್ಟಿಪಾಲಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದೇ ವಿಷಯದಲ್ಲಿ ಆಸಕ್ತಿ ಇರುವವರ ಇಮೇಲ್ ಚರ್ಚಾ ಪಟ್ಟಿಯೊಂದನ್ನು ನಾನು ಹಾಗೂ ಇನ್ನಿಬ್ಬರು ಗೆಳೆಯರು ನೋಡಿಕೊಳ್ಳುತ್ತಿದ್ದೇವೆ. ಅದು ಮೇಲ್‌ಮನ್ 2.1 ಎಂಬ ಪಟ್ಟಿ ನಡೆಸುವ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತಿದೆ. ಸದಸ್ಯರು ಸಾವಿರದ ಹತ್ತಿರ ಇದ್ದರೂ ಪತ್ರ ಬರೆಯುವವರು ಬೆರಳೆಣಿಕೆಯಷ್ಟು. ಇತ್ತೀಚೆಗೆ ಎರಡು ಬಗೆಯ ಕಾಟ ಹೆಚ್ಚಾಗಿದೆ. ಹೊಸದಾಗಿ ಸೇರಿದ ಕೆಲವರು ಮೊದಲ ಪತ್ರದಲ್ಲಿ ‘ಒಳ್ಳೆಯ ಚರ್ಚೆ, ಧನ್ಯವಾದಗಳು’ ಎಂದು ಒಂದು ಸಾಲು ಬರೆದು, ಸ್ವಲ್ಪ ದಿನ ಬಿಟ್ಟು ಜಾಹೀರಾತಿನ ಲಿಂಕ್‌ಗಳನ್ನು ಎಲ್ಲರಿಗೂ ಕಳುಹಿಸುತ್ತಾರೆ. ಇನ್ನೊಂದು ಕಾಟ ಪಟ್ಟಿಯೊಳಗೆ ಕಾಣಿಸುವುದೇ ಇಲ್ಲ: ಪಟ್ಟಿಗೆ ಯಾರು ಬರೆದರೂ ಕೆಲವೇ ನಿಮಿಷಗಳಲ್ಲಿ ಅವರ ಸ್ವಂತ ವಿಳಾಸಕ್ಕೆ, ಅವರದೇ ಪತ್ರದ ಶೀರ್ಷಿಕೆ ಹೊತ್ತ ಅಶ್ಲೀಲ ಮೇಲ್ ಬಂದು ಬೀಳುತ್ತದೆ.

‘ಒಂದು ವರ್ಷದಿಂದ ಒಂದೂ ಪತ್ರ ಬರೆಯದವರನ್ನೆಲ್ಲ ತೆಗೆದುಹಾಕೋಣ, ಸ್ಪ್ಯಾಮರ್‌ಗಳೂ ಅವರ ಜೊತೆಗೇ ಹೋಗುತ್ತಾರೆ’ ಎಂಬುದು ನನ್ನ ಗೆಳೆಯರ ಸಲಹೆ. ಅದು ನನಗೆ ಸರಿ ಕಾಣುತ್ತಿಲ್ಲ. ಆದರೆ ಬೇಡವೆನ್ನಲು ಗಟ್ಟಿಯಾದ ಕಾರಣವೂ, ಅದರ ಬದಲು ಏನು ಮಾಡಬೇಕೆಂಬ ತಿಳಿವಳಿಕೆಯೂ ನನ್ನಲ್ಲಿಲ್ಲ. ಪಟ್ಟಿ ನಡೆಸಿ ಅನುಭವವಿರುವವರು ದಯವಿಟ್ಟು ತಿಳಿಸಿಕೊಡಬೇಕು.

ಹಳೆಬೇರು (ಉತ್ತರ)

ನಿಮ್ಮ ಗೆಳೆಯರ ಸಲಹೆಯನ್ನು ಒಪ್ಪಬೇಡಿ. ನೀವು ಹೇಳಿದ ಮೊದಲ ಬಗೆಯ ಸ್ಪ್ಯಾಮರ್ ಪತ್ರ ಬರೆಯುವವನು, ಅಂದರೆ ಆ ನಿಯಮದ ಲೆಕ್ಕದಲ್ಲಿ ಅವನು ಸಕ್ರಿಯ ಸದಸ್ಯ. ಅವನನ್ನು ಉಳಿಸಿಕೊಂಡು, ವರ್ಷಗಟ್ಟಲೆ ಸುಮ್ಮನೆ ಓದುತ್ತಾ ಬಂದವರನ್ನು ಹೊರಗಟ್ಟುವುದು ಯಾವ ನ್ಯಾಯ? ಚರ್ಚಾ ಪಟ್ಟಿಯಲ್ಲಿ ಓದುಗರೇ ಹೆಚ್ಚು, ಬರೆಯುವವರು ಕಡಿಮೆ. ಓದುವವರು ಇದ್ದಾರೆಂಬ ನಂಬಿಕೆಯಿಂದಲೇ ಬರೆಯುವವರು ಬರೆಯುತ್ತಾರೆ. ಮೌನವಾಗಿರುವುದು ಬೇರೆ, ವಿಳಾಸ ಸತ್ತುಹೋಗಿರುವುದು ಬೇರೆ. ತೆಗೆಯಬೇಕಾದದ್ದು ಸತ್ತ ವಿಳಾಸಗಳನ್ನು ಮಾತ್ರ.

ಯಾರು ಮೇಲ್ ತೆರೆದು ನೋಡುತ್ತಿದ್ದಾರೆ ಎಂದು ಪತ್ತೆಹಚ್ಚುವ ಗುಪ್ತ ಚಿತ್ರದ ತಂತ್ರವನ್ನೂ ಯಾರಾದರೂ ಸೂಚಿಸಬಹುದು. ಜಾಹೀರಾತಿನವರು ಅದನ್ನು ಬಳಸುತ್ತಾರೆ, ನಮಗೆ ಬೇಡ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಇಂಥ ಚಿತ್ರಗಳನ್ನು ಓದುಗ ತೆರೆಯದಿದ್ದರೂ ತಾನೇ ಮೊದಲೇ ಇಳಿಸಿಕೊಳ್ಳುವ ವ್ಯವಸ್ಥೆ ತಂದ ಮೇಲೆ ಆ ಲೆಕ್ಕಕ್ಕೆ ಅರ್ಥವೂ ಉಳಿದಿಲ್ಲ. ಬರಿಯ ಅಕ್ಷರಗಳಲ್ಲಿ ಪತ್ರ ಓದುವವರ ವಿಷಯದಲ್ಲಂತೂ ಅದು ಮೊದಲಿನಿಂದಲೂ ಸುಳ್ಳೇ ಹೇಳುತ್ತಿತ್ತು.

ವಿಳಾಸ ಬದುಕಿದೆಯೇ ಇಲ್ಲವೇ ಎಂಬುದನ್ನು ಎದುರಿನ ಸರ್ವರ್ ತಾನೇ ಹೇಳುತ್ತದೆ. ಬೌನ್ಸ್ ಆಗಿ, ಅಂದರೆ ತಲುಪದೆ, ಮರಳಿದ ಮೇಲ್ ಅನ್ನು ತೆರೆದು ನೋಡಿದರೆ ಅದರಲ್ಲಿ ‘550 5.1.1’ ಎಂಬಂಥ ಸಂಖ್ಯೆ ಸಿಗುತ್ತದೆ. ಮೊದಲ ಅಂಕಿ 5 ಎಂದರೆ ನಿರಾಕರಣೆ ಖಾಯಂ ಆದದ್ದು, 4 ಎಂದರೆ ತಾತ್ಕಾಲಿಕ. ಚುಕ್ಕಿಯ ನಂತರದ ಅಂಕಿ ಇನ್ನೂ ಮುಖ್ಯ: 5.1.1 ಎಂದರೆ ಅಂಥ ವಿಳಾಸವೇ ಇಲ್ಲ, 5.2.2 ಎಂದರೆ ಪೆಟ್ಟಿಗೆ ತುಂಬಿದೆ, 5.7ರಿಂದ ಆರಂಭವಾದರೆ ವಿಳಾಸ ಸರಿಯಿದ್ದರೂ ಭದ್ರತೆಯ ಅಥವಾ ನೀತಿಯ ಕಾರಣಕ್ಕೆ ನಿಮ್ಮ ಪತ್ರವನ್ನು ಒಳಬಿಟ್ಟಿಲ್ಲ. ಮೊದಲನೆಯದು ಸಾವು, ಮೂರನೆಯದು ಸದಸ್ಯನ ದೋಷವೇ ಅಲ್ಲ.

ಮೇಲ್‌ಮನ್‌ನಲ್ಲಿ ಈ ಕೆಲಸಕ್ಕೆ ಬೌನ್ಸ್ ಪ್ರೊಸೆಸಿಂಗ್ ಎಂಬ ಭಾಗವೇ ಇದೆ, ಅದು ಚಾಲೂ ಇದೆಯೇ ಎಂದು ಮೊದಲು ನೋಡಿ. ಒಬ್ಬ ಸದಸ್ಯನ ವಿಳಾಸದಿಂದ ಒಂದೇ ದಿನ ಎಷ್ಟು ಮೇಲ್ ಮರಳಿದರೂ ಅದು ಒಂದೇ ಸಲದ ಲೆಕ್ಕಕ್ಕೆ ಬರುತ್ತದೆ. ಹೀಗೆ ದಿನಕ್ಕೊಂದರಂತೆ ಕೂಡುವ ಅಂಕ 5 ಮುಟ್ಟಿದಾಗ ಆ ವಿಳಾಸಕ್ಕೆ ಪತ್ರ ಹೋಗುವುದು ನಿಲ್ಲುತ್ತದೆ. ಆ ಮೇಲೆ ವಾರಕ್ಕೊಂದರಂತೆ 3 ಎಚ್ಚರಿಕೆಗಳು ಹೋಗಿ, ಉತ್ತರ ಬಾರದಿದ್ದರೆ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತದೆ. ಇವು ಸಾಫ್ಟ್‌ವೇರ್‌ನ ಪೂರ್ವನಿಗದಿತ ಮೌಲ್ಯಗಳು. ಆದರೆ 7 ದಿನ ಹೊಸ ಬೌನ್ಸ್ ಬಾರದಿದ್ದರೆ ಹಳೆಯ ಅಂಕ ಅಳಿಸಿಹೋಗುವುದೂ ಪೂರ್ವನಿಗದಿತವೇ. ವಾರಕ್ಕೊಂದು ಪತ್ರವೂ ಬಾರದ ನಿಧಾನದ ಪಟ್ಟಿಯಲ್ಲಿ ಅಂಕ ಎಂದಿಗೂ 5 ಮುಟ್ಟುವುದಿಲ್ಲ, ಸತ್ತ ವಿಳಾಸಗಳು ಹಾಗೆಯೇ ಕೊಳೆಯುತ್ತವೆ. ನಿಮ್ಮದು ಅಂಥ ಪಟ್ಟಿಯಾಗಿದ್ದರೆ ಆ 7 ಅನ್ನು 30ಕ್ಕೋ 60ಕ್ಕೋ ಏರಿಸಿ.

ಮರಳಿದ ಮೇಲ್ ಯಾರದೆಂದೇ ತಿಳಿಯದ ಸಂದರ್ಭವೂ ಉಂಟು. ಸದಸ್ಯರು ಹಳೆಯ ವಿಳಾಸದಿಂದ ಹೊಸದಕ್ಕೆ ಮೇಲ್ ಫಾರ್ವರ್ಡ್ ಮಾಡಿಟ್ಟು ಮರೆತಿರುತ್ತಾರೆ. ಹೊಸದು ಮುಚ್ಚಿದಾಗ ಬರುವ ಬೌನ್ಸ್‌ನಲ್ಲಿ ನಿಮ್ಮ ಪಟ್ಟಿಯಲ್ಲಿಲ್ಲದ ವಿಳಾಸ ಇರುತ್ತದೆ. ಇದಕ್ಕೆ ವರ್ಪ್ ಎಂಬ ವಿಧಾನವಿದೆ. ಪ್ರತಿಯೊಬ್ಬ ಸದಸ್ಯನಿಗೆ ಹೋಗುವ ಪ್ರತಿಯ ಹಿಂದಿರುಗುವ ವಿಳಾಸದಲ್ಲೇ ಅವನ ವಿಳಾಸವನ್ನು ಹುದುಗಿಸಿಡುವುದು. ಕ್ಯೂಮೇಲ್ ಎಂಬ ಮೇಲ್ ಸರ್ವರ್ ಸಾಫ್ಟ್‌ವೇರ್ ರಚಿಸಿದ ಡೇನಿಯಲ್ ಬರ್ನ್‌ಸ್ಟೈನ್ 1997ರಲ್ಲೇ ಇದನ್ನು ವಿವರಿಸಿದ್ದರು. ಸರ್ವರ್ ನೋಡಿಕೊಳ್ಳುವವರನ್ನು ಕೇಳಿ ಇದನ್ನು ಚಾಲೂ ಮಾಡಿಸಿದರೆ, ಬೌನ್ಸ್ ಎಲ್ಲಿಂದ ತಿರುಗಿ ಬಂದರೂ ಮೂಲ ಸದಸ್ಯ ಯಾರೆಂಬುದು ತಿಳಿಯುತ್ತದೆ.

ಬಾಗಿಲಕಾವಲು (ಉತ್ತರ)

ಹಳೆಬೇರು ಅವರು ನಿಷ್ಕ್ರಿಯರ ವಿಷಯ ಹೇಳಿದ್ದಾರೆ. ನಾನು ಮೊದಲ ಬಗೆಯ ಸ್ಪ್ಯಾಮರ್‌ಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಸೇರುವಾಗ ದೃಢೀಕರಣದ ಮೇಲ್ ಕಳುಹಿಸುವುದನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಆದರೆ ಅದರಿಂದ ಆಗುವ ಕೆಲಸದ ಬಗ್ಗೆ ಹೆಚ್ಚಿನ ಭ್ರಮೆಯೂ ಬೇಡ. ಬೇರೊಬ್ಬರ ವಿಳಾಸವನ್ನು ಅವರಿಗೆ ತಿಳಿಯದಂತೆ ಸೇರಿಸುವುದನ್ನು ಅದು ತಡೆಯುತ್ತದೆ, ಅಷ್ಟೇ. ಸ್ವಂತ ವಿಳಾಸ ಇಟ್ಟುಕೊಂಡು ಬರುವ ಸ್ಪ್ಯಾಮರ್ ಲಿಂಕ್ ಒತ್ತಿ ಒಳಗೆ ಬಂದೇ ಬರುತ್ತಾನೆ. ಮತ್ತೊಂದು ಅಪಾಯವೂ ಇದೆ: ದಾಳಿಕೋರರು ಸಾವಿರಾರು ಪಟ್ಟಿಗಳ ಫಾರ್ಮ್‌ಗಳಲ್ಲಿ ಒಬ್ಬನೇ ವ್ಯಕ್ತಿಯ ವಿಳಾಸ ತುಂಬಿ, ದೃಢೀಕರಣದ ಮೇಲ್‌ಗಳಿಂದಲೇ ಅವನ ಇನ್‌ಬಾಕ್ಸ್ ಮುಳುಗಿಸುತ್ತಾರೆ. 2016ರಲ್ಲಿ ಇಂಥ ದಾಳಿಗಳು ದೊಡ್ಡ ಸುದ್ದಿಯಾಗಿದ್ದವು. ಸೇರುವ ಪುಟದಲ್ಲಿ ಯಂತ್ರಗಳನ್ನು ತಡೆಯುವ ಏನಾದರೊಂದು ಅಡ್ಡಿ ಇರಲೇಬೇಕು.

ನಿಜವಾದ ಬಾಗಿಲು ಮೊದಲ ಪತ್ರದ ಬಳಿ ಇದೆ. ಹೊಸ ಸದಸ್ಯರೆಲ್ಲರೂ ಪೂರ್ವನಿಗದಿತವಾಗಿ ಮಾಡರೇಷನ್‌ನಲ್ಲಿ ಇರಲಿ, ಅಂದರೆ ಅವರ ಪತ್ರ ನಿರ್ವಾಹಕರು ಒಪ್ಪಿದ ಮೇಲೆಯೇ ಪಟ್ಟಿಗೆ ಹೋಗಲಿ. ಮೊದಲ ಪತ್ರ ಒಪ್ಪಿದ ಕೂಡಲೇ ಆ ಗುರುತನ್ನು ತೆಗೆಯುವುದು ಬಹಳ ನಿರ್ವಾಹಕರ ರೂಢಿ. ನೀವು ಉದಾಹರಿಸಿದ ‘ಒಳ್ಳೆಯ ಚರ್ಚೆ, ಧನ್ಯವಾದಗಳು’ ಹುಟ್ಟಿದ್ದೇ ಆ ರೂಢಿಯ ಹೊಟ್ಟೆಯಲ್ಲಿ. ಪತ್ರವನ್ನು ಪಟ್ಟಿಗೆ ಬಿಡುವುದು ಒಂದು ತೀರ್ಮಾನ, ಬರೆದವರ ಮೇಲಿನ ಕಾವಲು ತೆಗೆಯುವುದು ಇನ್ನೊಂದು ತೀರ್ಮಾನ. ಎರಡನ್ನೂ ಒಂದೇ ಸಲ ಮಾಡಬೇಡಿ. ನಡೆಯುತ್ತಿರುವ ಚರ್ಚೆಯ ಒಂದು ನಿರ್ದಿಷ್ಟ ಮಾತಿಗೆ ಉತ್ತರವಾಗಿ ಏನಾದರೂ ಬರೆದಿದ್ದಾರೆಯೇ ಎಂದು ನೋಡಿ. ಯಾವ ಪಟ್ಟಿಗೆ ಕಳುಹಿಸಿದರೂ ಒಪ್ಪುವಂಥ ಹೊಗಳಿಕೆಯಾಗಿದ್ದರೆ ಪತ್ರ ಹೋಗಲಿ, ಕಾವಲು ಇರಲಿ. ಪತ್ರದ ಕೊನೆಯ ಸಹಿಯನ್ನೂ ಕೆಳಗಿನವರೆಗೆ ಇಳಿದು ಓದಿ, ಎಷ್ಟೋ ಸಲ ಲಿಂಕ್ ಇರುವುದು ಅಲ್ಲೇ.

ಸದಸ್ಯರಲ್ಲದವರಿಂದ ಬರುವ ಮೇಲ್‌ಗೆ ತಿರಸ್ಕಾರದ ಉತ್ತರ ಕಳುಹಿಸುವ ಆಯ್ಕೆ ಸೌಜನ್ಯದಂತೆ ಕಾಣುತ್ತದೆ, ಆದರೆ ಸ್ಪ್ಯಾಮ್‌ನ ಕಳುಹಿಸಿದವರ ವಿಳಾಸ ಸಾಮಾನ್ಯವಾಗಿ ಕದ್ದದ್ದು. ಹಾಗಾಗಿ ನಿಮ್ಮ ಉತ್ತರ ಏನೂ ಅರಿಯದ ಮೂರನೆಯವರಿಗೆ ಹೋಗಿ ಬೀಳುತ್ತದೆ, ನಿಮ್ಮ ಸರ್ವರೇ ಸ್ಪ್ಯಾಮ್ ಕಳುಹಿಸುವವರ ಸಾಲಿಗೆ ಸೇರುತ್ತದೆ. ಅನುಮಾನವಿದ್ದರೆ ತಡೆದಿಡಿ, ಸ್ಪ್ಯಾಮ್ ಎಂಬುದು ಖಚಿತವಾಗಿದ್ದರೆ ಸದ್ದಿಲ್ಲದೆ ಎಸೆಯಿರಿ. ಎರಡು ವಿಳಾಸಗಳಿಂದ ಬರೆಯುವ ಸದಸ್ಯರು ಈ ಬಲೆಗೆ ಬೀಳದಂತೆ, ಅವರ ಎರಡನೆಯ ವಿಳಾಸವನ್ನೂ ಸೇರಿಸಿ ಅದಕ್ಕೆ ಮೇಲ್ ಹೋಗದಂತೆ ಸೆಟ್ಟಿಂಗ್ ಬದಲಿಸಿದರೆ ಸಾಕು.

ಮೌನಓದುಗ (ಉತ್ತರ)

ನಿಮ್ಮ ಎರಡನೆಯ ಕಾಟಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ. ಅದು ಸದಸ್ಯನಾಗಿ ಸೇರಿ, ಎಂದೂ ಬರೆಯದೆ, ಬರುವ ಪ್ರತಿಯೊಂದು ಪತ್ರದ ಕಳುಹಿಸಿದವರ ವಿಳಾಸ ಹೆಕ್ಕಿಕೊಳ್ಳುವ ಯಂತ್ರದ ಕೆಲಸ. ಇಂಥ ಒಂದು ವಿಳಾಸಕ್ಕಾಗಿ ಮೌನ ಸದಸ್ಯರೆಲ್ಲರನ್ನೂ ತೆಗೆದರೆ ಅದೂ ಹೋಗುತ್ತದೆ ನಿಜ, ಆದರೆ ಮರುದಿನವೇ ಹೊಸ ವಿಳಾಸದಲ್ಲಿ ಬಂದು ಸೇರುವುದು ಅದೊಂದೇ, ಉಳಿದವರು ಬರುವುದಿಲ್ಲ.

ಮೊದಲು ಎರಡು ಸೆಟ್ಟಿಂಗ್ ನೋಡಿ. ಸದಸ್ಯರ ಹೆಸರುಪಟ್ಟಿಯನ್ನು ನಿರ್ವಾಹಕರು ಮಾತ್ರ ನೋಡುವಂತಿರಬೇಕು, ಮೇಲ್‌ಮನ್ 2.1ರಲ್ಲಿ ಅದು ಎಲ್ಲ ಸದಸ್ಯರಿಗೂ ಕಾಣುವುದೇ ಪೂರ್ವನಿಗದಿತ. ಹಳೆಯ ಪತ್ರಗಳ ಸಂಗ್ರಹವಾದ ಆರ್ಕೈವ್ ಎಲ್ಲರಿಗೂ ತೆರೆದಿದ್ದರೆ ಕಳ್ಳ ಸದಸ್ಯನೇ ಆಗಿರಬೇಕೆಂದಿಲ್ಲ, ಆದ್ದರಿಂದ ಅದನ್ನು ಸ್ವಲ್ಪ ದಿನ ಮುಚ್ಚಿಡಿ. ಆಗಲೂ ಕಾಟ ನಿಲ್ಲದಿದ್ದರೆ ಕಳ್ಳ ಒಳಗೇ ಇದ್ದಾನೆ.

ಹುಡುಕುವ ದಾರಿ ಹೀಗೆ. ನಿಮ್ಮದೇ ಡೊಮೈನ್‌ನಲ್ಲಿ ಪ್ರತಿ ಸದಸ್ಯನಿಗೂ ಬೇರೆ ಬೇರೆಯಾದ ಒಂದು ಕಳುಹಿಸುವ ವಿಳಾಸ ಹುಟ್ಟಿಸಿ, ಪಟ್ಟಿಯ ಮಾಮೂಲಿ ಪತ್ರದಂತೆಯೇ ತೋರುವ ಒಂದು ಪತ್ರವನ್ನು ಸಣ್ಣ ಸ್ಕ್ರಿಪ್ಟ್ ಮೂಲಕ ಪ್ರತಿಯೊಬ್ಬರಿಗೂ ಅವರವರ ಪಾಲಿನ ವಿಳಾಸದಿಂದ ಕಳುಹಿಸಿ. ಅಶ್ಲೀಲ ಉತ್ತರ ಯಾವ ವಿಳಾಸಕ್ಕೆ ಬಂದು ಬೀಳುತ್ತದೋ ಆ ಪ್ರತಿಯನ್ನು ಪಡೆದವನೇ ಕಳ್ಳ. ಅಷ್ಟು ವಿಳಾಸ ಹುಟ್ಟಿಸಲು ಅನುಕೂಲವಿಲ್ಲದಿದ್ದರೆ ಎರಡೇ ವಿಳಾಸ ಸಾಕು: ಸದಸ್ಯರನ್ನು ಎರಡು ಪಾಲು ಮಾಡಿ, ಉತ್ತರ ಬಂದ ಪಾಲನ್ನು ಮತ್ತೆ ಎರಡಾಗಿ ಸೀಳುತ್ತಾ ಹೋದರೆ ಸಾವಿರ ಸದಸ್ಯರಲ್ಲಿ ಒಬ್ಬನನ್ನು ಹಿಡಿಯಲು ಹೆಚ್ಚೆಂದರೆ 10 ಸುತ್ತು ಬೇಕಾಗುತ್ತದೆ. ಪ್ರತಿ ಸುತ್ತಿನಲ್ಲೂ ಹೊಸ ಜೋಡಿ ವಿಳಾಸ ಬಳಸಿ, ಹಳೆಯದಕ್ಕೆ ತಡವಾಗಿ ಬರುವ ಉತ್ತರ ದಾರಿ ತಪ್ಪಿಸುತ್ತದೆ. ಬಳಸುವುದು ನಿಮ್ಮ ಡೊಮೈನ್‌ನ ಪ್ರತ್ಯೇಕ ವಿಳಾಸಗಳೇ ಆಗಿರಲಿ. ಇರುವ ವಿಳಾಸಕ್ಕೆ ಪ್ಲಸ್ ಚಿಹ್ನೆ ಹಾಕಿ ಸಂಖ್ಯೆ ಸೇರಿಸಿದರೆ ಕೆಲವು ಯಂತ್ರಗಳು ಪ್ಲಸ್ ನಂತರದ್ದನ್ನು ಕತ್ತರಿಸಿಬಿಡುತ್ತವೆ.

ಬರೆದವರ ವಿಳಾಸವನ್ನೇ ಎಲ್ಲ ಪತ್ರಗಳಿಂದ ಅಳಿಸುವ ಅನಾಮಿಕ ಪಟ್ಟಿಯ ಆಯ್ಕೆಯೂ ಇದೆ. ಓದುಗನೊಬ್ಬ ಬರೆದವರಿಗೆ ಖಾಸಗಿಯಾಗಿ ಒಂದು ಮಾತು ಹೇಳುವ ದಾರಿಯನ್ನೂ ಅದು ಮುಚ್ಚುವುದರಿಂದ, ನಾನಾದರೆ ಅದನ್ನು ಬಳಸುವುದಿಲ್ಲ.

ಪಟ್ಟಿಪಾಲಕ

ಮೂವರಿಗೂ ಧನ್ಯವಾದಗಳು. ಬೌನ್ಸ್ ಪ್ರೊಸೆಸಿಂಗ್ ಚಾಲೂ ಇತ್ತು. ಆದರೆ ಅದರ ದಾಖಲೆ ತೆರೆದಾಗ ವಿಚಿತ್ರವೊಂದು ಕಂಡಿತು: ಒಂದೇ ವಾರದಲ್ಲಿ ಜಿಮೇಲ್ ವಿಳಾಸದ ಎಷ್ಟೋ ಸದಸ್ಯರಿಗೆ ಪತ್ರ ಹೋಗುವುದು ನಿಂತಿದೆ, ಅವರಲ್ಲಿ ಕೆಲವರು ನಿನ್ನೆಯಷ್ಟೇ ನನಗೆ ಖಾಸಗಿಯಾಗಿ ಬರೆದವರು. ಮರಳಿದ ಮೇಲ್‌ಗಳಲ್ಲಿ 5.7.26 ಎಂದಿದೆ. ಎರಡನೆಯ ಸಂದೇಹ: ಎರಡು ವರ್ಷಕ್ಕೊಮ್ಮೆ ಎಲ್ಲರನ್ನೂ ‘ಮುಂದುವರಿಯುತ್ತೀರಾ’ ಎಂದು ಕೇಳಿ, ಉತ್ತರಿಸದವರನ್ನು ಕೈಬಿಡುವುದು ಸರಿಯೇ?

ಹಳೆಬೇರು (ಉತ್ತರ)

ಆ ಸಂಖ್ಯೆಯ ಮೊದಲೆರಡು ಅಂಕಿಗಳೇ ಹೇಳುವಂತೆ ಅದು ನೀತಿಯ ನಿರಾಕರಣೆ, ಕಳುಹಿಸಿದವರ ವಿಳಾಸ ನಕಲಿಯೇ ಎಂದು ಪರೀಕ್ಷಿಸುವ ಡಿಮಾರ್ಕ್ ಎಂಬ ವ್ಯವಸ್ಥೆ ಕಾರಣ. 2014ರ ಏಪ್ರಿಲ್‌ನಲ್ಲಿ ಯಾಹೂ, ತನ್ನ ವಿಳಾಸದ ಹೆಸರಿನಲ್ಲಿ ಬೇರೆ ಸರ್ವರ್‌ಗಳಿಂದ ಬರುವ ಮೇಲ್ ಅನ್ನು ತಿರಸ್ಕರಿಸಬೇಕೆಂದು ಘೋಷಿಸಿದಾಗ ಲೋಕದ ಮೇಲಿಂಗ್ ಲಿಸ್ಟ್‌ಗಳೆಲ್ಲ ಒಮ್ಮೆಗೇ ಈ ತೊಂದರೆಗೆ ಸಿಕ್ಕಿದ್ದವು. ಅಂಥ ಡೊಮೈನ್‌ನ ಒಬ್ಬ ಸದಸ್ಯ ಪತ್ರ ಬರೆಯುತ್ತಾನೆ. ಪಟ್ಟಿ ಅದರ ಶೀರ್ಷಿಕೆಗೋ ಅಡಿಟಿಪ್ಪಣಿಗೋ ಏನಾದರೂ ಸೇರಿಸುವುದರಿಂದ ಮೂಲದ ಡಿಜಿಟಲ್ ಸಹಿ ಮುರಿಯುತ್ತದೆ. ಜಿಮೇಲ್ ಅದನ್ನು ಮರಳಿಸುತ್ತದೆ. ಬೌನ್ಸ್ ಅಂಕ ಏರುವುದು ಮಾತ್ರ ಬರೆದವನದ್ದಲ್ಲ, ಜಿಮೇಲ್‌ನಲ್ಲಿ ಕಾಯುತ್ತಿದ್ದ ಓದುಗನದ್ದು. ಮೇಲ್‌ಮನ್ 2.1.18 ಅಥವಾ ನಂತರದ ಆವೃತ್ತಿ ಇದ್ದರೆ, ಖಾಸಗಿತನದ ಸೆಟ್ಟಿಂಗ್‌ಗಳಲ್ಲಿ ಡಿಮಾರ್ಕ್‌ಗೆ ಸಂಬಂಧಿಸಿದ ಆಯ್ಕೆಯಲ್ಲಿ, ಕಳುಹಿಸಿದವರ ಜಾಗದಲ್ಲಿ ಪಟ್ಟಿಯ ವಿಳಾಸ ಬರುವಂತೆ ಬದಲಿಸಿ. ಅಂಥ ಕಟ್ಟುನಿಟ್ಟಿನ ಡೊಮೈನ್‌ಗಳಿಂದ ಬರೆದವರ ಪತ್ರಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಆ ಮೇಲೆ ಹೀಗೆ ಪತ್ರ ನಿಂತುಹೋದವರ ಮೇಲಿರುವ ‘ನಿಲ್ಲಿಸಿದೆ’ ಎಂಬ ಗುರುತನ್ನೆಲ್ಲ ನೀವೇ ಕೈಯಾರೆ ತೆಗೆದುಬಿಡಿ, ಅವರ ತಪ್ಪೇನೂ ಇಲ್ಲ. ನಿಷ್ಕ್ರಿಯರೆಂದು ಪಟ್ಟಿಗಳಿಂದ ಕಳೆದುಹೋದವರಲ್ಲಿ ಬಹಳಷ್ಟು ಮಂದಿ ಹೀಗೆ ಹೋದವರೇ ಇರಬೇಕು ಎಂಬುದು ನನ್ನ ಅನುಮಾನ.

ಎರಡನೆಯ ಪ್ರಶ್ನೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಕೇಳುವುದು ಸರಿ, ಉತ್ತರಿಸದವರನ್ನು ಕೈಬಿಡುವುದು ಸರಿಯಲ್ಲ. ಉತ್ತರ ಬರೆಯಲು ಹಿಂಜರಿಯುವ ಸ್ವಭಾವದವರೇ ಅಲ್ಲವೇ ಮೌನ ಓದುಗರು! ಮೇಲ್‌ಮನ್ 2.1 ಪ್ರತಿ ತಿಂಗಳ 1ನೇ ತಾರೀಖು ಕಳುಹಿಸುವ ಪಾಸ್‌ವರ್ಡ್ ನೆನಪೋಲೆಯನ್ನು ಎಲ್ಲರೂ ಬೈಯುತ್ತಾರೆ, ಪಾಸ್‌ವರ್ಡ್ ಅನ್ನು ಬಿಚ್ಚಿ ಬರೆದು ಕಳುಹಿಸುವುದಕ್ಕೆ ಬೈಯುವುದೂ ನ್ಯಾಯವೇ. ಆದರೆ ಬಿಡಬೇಕೆಂದಿರುವವರಿಗೆ ಬಿಡುವ ಲಿಂಕ್ ಅದರಲ್ಲಿ ಕೈಗೆ ಸಿಗುತ್ತಿತ್ತು, ಸತ್ತ ವಿಳಾಸ ಅದೇ ದಿನ ಬೌನ್ಸ್ ಆಗಿ ಬಯಲಾಗುತ್ತಿತ್ತು. ಅದನ್ನು ನಿಲ್ಲಿಸಿ, ಪಾಸ್‌ವರ್ಡ್ ಇಲ್ಲದ, ಬಿಡುವ ಲಿಂಕ್ ಎದ್ದು ಕಾಣುವ ಒಂದು ಪತ್ರವನ್ನು ಆರು ತಿಂಗಳಿಗೊಮ್ಮೆ ನಿರ್ವಾಹಕರ ಹೆಸರಿನಲ್ಲಿ ಕಳುಹಿಸಿ. ಬಿಡಲು ದಾರಿ ಸಿಗದವರು ಕೊನೆಗೆ ಸ್ಪ್ಯಾಮ್ ಗುಂಡಿ ಒತ್ತುತ್ತಾರೆ, ಅದರ ಪೆಟ್ಟು ಪಟ್ಟಿಯ ಎಲ್ಲ ಪತ್ರಗಳ ಮೇಲೂ ಬೀಳುತ್ತದೆ.

ಬಾಗಿಲಕಾವಲು (ಉತ್ತರ)

ಒಂದು ಸಣ್ಣ ತಿದ್ದುಪಡಿ. ಬಹಳ ವರ್ಷಗಳಿಂದ ಒಂದೂ ಪತ್ರ ಹೋಗದೆ ನಿಂತಿದ್ದ ಪಟ್ಟಿಯನ್ನು ಮತ್ತೆ ಆರಂಭಿಸುವುದಾದರೆ ಮಾತ್ರ ಎಲ್ಲರ ಒಪ್ಪಿಗೆಯನ್ನು ಹೊಸದಾಗಿ ಪಡೆಯಬೇಕು, ಉತ್ತರಿಸದವರನ್ನು ಬಿಡಬೇಕು. ಹಳೆಯ ವಿಳಾಸಗಳು ಬೇರೆಯವರ ಪಾಲಾಗಿರಬಹುದು. ಯಾಹೂ 2013ರಲ್ಲಿ ಬಳಕೆಯಿಲ್ಲದ ವಿಳಾಸಗಳನ್ನು ಹೊಸಬರಿಗೆ ಹಂಚಿತ್ತು. ಇನ್ನು ಕೆಲವನ್ನು ಸ್ಪ್ಯಾಮ್ ಕಳುಹಿಸುವವರನ್ನು ಹಿಡಿಯುವ ಬಲೆಗಳಾಗಿ ಮಾರ್ಪಡಿಸಿರುತ್ತಾರೆ, ಅಂಥವು ಬೌನ್ಸ್ ಆಗುವುದೇ ಇಲ್ಲ. ನಿರಂತರವಾಗಿ ನಡೆಯುತ್ತಿರುವ ನಿಮ್ಮ ಪಟ್ಟಿಯಲ್ಲಿ, ವಿಳಾಸವೊಂದು ಮುಚ್ಚಿ ಬಲೆಯಾಗುವ ನಡುವಿನ ಕಾಲದಲ್ಲಿ ಬೌನ್ಸ್ ಬಂದಾಗಲೇ ಅದು ಬಿದ್ದುಹೋಗಿರುತ್ತದೆ, ಹಳೆಬೇರು ಅವರು ಹೇಳಿದ ಆ 7 ದಿನಗಳ ಸೆಟ್ಟಿಂಗ್ ಅನ್ನು ನೀವು ಏರಿಸಿದ್ದರೆ.