ಪಾರ್ಟಿಗೂ ಭಾನುವಾರ, ಮಗಳಿಗೂ ಭಾನುವಾರ

ಪ್ರಶ್ನೆ: ಮೈಸೂರಿನಲ್ಲಿ 6 ವರ್ಷದಿಂದ ಸೈಟ್, ಮನೆ ಮಾರಿಸುವ ಕೆಲಸ ಮಾಡುತ್ತಿದ್ದೇನೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಇದೆ. ಪಾರ್ಟಿಗಳಿಗೆ, ಅಂದರೆ ಕೊಳ್ಳಲು ಬರುವವರಿಗೆ, ಬಿಡುವು ಸಿಗುವುದು ಭಾನುವಾರ. ಮಗಳಿಗೆ ರಜೆಯೂ ಅವತ್ತೇ. ಹೋದ ವಾರ ಅವಳ ಹುಟ್ಟುಹಬ್ಬ. ಬೋಗಾದಿ ಕಡೆ ಸೈಟ್ ತೋರಿಸಿ ಬರುವಷ್ಟರಲ್ಲಿ ಹೊಸ ಫ್ರಾಕಿನಲ್ಲೇ ಸೋಫಾ ಮೇಲೆ ಮಲಗಿಬಿಟ್ಟಿದ್ದಳು. ಕೇಕ್ ಹಾಗೇ ಇತ್ತು. ತುಂಬಾ ಸಂಕಟವಾಯಿತು. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಉತ್ತರ 1: ಅಣ್ಣಾ, ಭಾನುವಾರ ಸಂಜೆ 4.30ರಿಂದ 6 ರಾಹುಕಾಲ. ಆಗ ಯಾರೂ ಅಡ್ವಾನ್ಸ್ ಕೊಡಲ್ಲ ಅಲ್ವಾ? ಆ ಒಂದೂವರೆ ಗಂಟೆ ನನ್ನ ಮಗನದು. ಫೋನ್ ಮನೆಯಲ್ಲೇ ಬಿಟ್ಟು ಪಾರ್ಕಿಗೆ ಹೋಗುತ್ತೇವೆ.

ಉತ್ತರ 2: ನಾನು ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ), ಖಾತಾ, ಹಿಂದಿನ ಕ್ರಯಪತ್ರದ ಪ್ರತಿ ಎಲ್ಲ ಮೊದಲೇ ವಾಟ್ಸಾಪ್ ಮಾಡುತ್ತೇನೆ. ಸುಮ್ನೆ ನೋಡಿಕೊಂಡು ಹೋಗುವವರು ಅಲ್ಲೇ ನಿಲ್ಲುತ್ತಾರೆ, ಅರ್ಧ ಓಡಾಟ ಉಳಿಯುತ್ತದೆ. ಆಷಾಢದಲ್ಲಂತೂ ಖರೀದಿ ಕಡಿಮೆ. ಆಗ ಮಕ್ಕಳ ಜೊತೆ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇನೆ.

ಪ್ರಶ್ನೆ ಕೇಳಿದವರು: ಅಕ್ಕಾ, ಕಾಗದ ಮೊದಲೇ ಕಳಿಸುವುದು ನನಗೆ ಹೊಳೆದೇ ಇರಲಿಲ್ಲ. ಈ ಭಾನುವಾರ ಬೆಳಿಗ್ಗೆ ಕಾರಂಜಿ ಕೆರೆಗೆ ಹೋಗೋಣ ಎಂದು ಮಗಳಿಗೆ ಹೇಳಿದ್ದೇನೆ. 11ಕ್ಕೆ ಬರಬೇಕಿದ್ದ ಪಾರ್ಟಿಗೆ ಸೋಮವಾರ ಬೆಳಿಗ್ಗೆ 7ಕ್ಕೆ ತೋರಿಸುತ್ತೇನೆ ಎಂದೆ. ಒಪ್ಪಿದರು.