ಉ: ಗಾಳಿಕೋವಿ ಕೈಪಿಡಿ: ‘ರಿಕಾಯಿಲ್’, ‘ಟ್ಯೂನಿಂಗ್’ ಪದಗಳಿಗೆ ಕನ್ನಡ

ಮಾನ್ಯರೇ,

ಸ್ಪ್ರಿಂಗ್ ಪಿಸ್ಟನ್ ಗಾಳಿಕೋವಿಯ ಕೈಪಿಡಿ ಸೋಮವಾರವೇ ಅಚ್ಚಿಗೆ ಹೋಗಬೇಕು, ಅದರ ಎರಡು ಇಂಗ್ಲಿಷ್ ಪದಗಳಿಗೆ ಕನ್ನಡ ಬೇಕು ಎಂದು ಬರೆದಿದ್ದೀರಿ. ಆದ್ದರಿಂದ ಮೊದಲು ಪದಗಳನ್ನೇ ಕೊಡುತ್ತೇನೆ: ಗುಂಡು ಹೊಡೆದಾಗ ಕೋವಿ ಜಗ್ಗುವ ‘ರಿಕಾಯಿಲ್’ ಎಂಬುದಕ್ಕೆ ‘ಒದೆತ’, ಕೋವಿಯ ಒಳಭಾಗಗಳನ್ನು ಸರಿಪಡಿಸುವ ‘ಟ್ಯೂನಿಂಗ್’ ಎಂಬುದಕ್ಕೆ ‘ಹದಗೊಳಿಸುವುದು’.

‘ರಿಕಾಯಿಲ್’ಗೆ ನಿನ್ನೆ ಈ ಚರ್ಚೆಯಲ್ಲಿ ಸೂಚಿತವಾದ ‘ಹಿನ್ನೊದೆತ’ವನ್ನು ದಯವಿಟ್ಟು ಬಳಸಬೇಡಿ. ಸಮಾಸ ಸರಿಯಾಗಿದೆ, ಅರ್ಥ ತಪ್ಪಾಗಿದೆ. ಮದ್ದಿನ ಕೋವಿ ಹೆಗಲಿನತ್ತ ಮಾತ್ರ ಒದೆಯುತ್ತದೆ. ಈ ಕೋವಿಯಲ್ಲಾದರೋ, ಕುದುರೆ (ಟ್ರಿಗರ್) ಎಳೆದೊಡನೆ ಅದುಮಿಟ್ಟ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ದೂಡುವಾಗ ಕೋವಿ ಹಿಂದಕ್ಕೆ ಸರಿಯುತ್ತದೆ. ಒತ್ತಿಹೋದ ಗಾಳಿ ಪಿಸ್ಟನ್ನನ್ನು ತಡೆದಾಗ ಅದೇ ಕೋವಿ ಮುಂದಕ್ಕೆ ಜಗ್ಗುತ್ತದೆ. ಮದ್ದಿನ ಕೋವಿಗೆಂದು ಮಾಡಿದ ಒಳ್ಳೆಯ ಸ್ಕೋಪುಗಳೂ (ಗುರಿ ನೋಡುವ ದುರ್ಬೀನುಗಳೂ) ಇದರ ಮೇಲೆ ಕೆಡುವುದು ಈ ಮುಮ್ಮುಖ ಜಗ್ಗಿನಿಂದಲೇ. ‘ಹಿನ್ನೊದೆತ’ ಎಂದು ಓದಿದವನು ಕೋವಿಯನ್ನು ಹೆಗಲಿಗೆ ಅವುಚಿ ಬಿಗಿಹಿಡಿಯುತ್ತಾನೆ, ಗುರಿ ತಪ್ಪುತ್ತಾನೆ. ನನ್ನ 4.5 ಮಿ.ಮೀ. ಕೋವಿಯ ಮುಂಗಟ್ಟನ್ನು, ಅಂದರೆ ನಳಿಗೆಯ ಕೆಳಗೆ ಕೈ ಹಿಡಿಯುವ ಭಾಗವನ್ನು, ಬಿಗಿಯಾಗಿ ಹಿಡಿದು ಹತ್ತು ಮೀಟರಿನಿಂದ ಹೊಡೆದ ಐದು ಗುಂಡುಗಳು ಐದು ಕಡೆ ಬಿದ್ದವು. ತೆರೆದ ಅಂಗೈ ಮೇಲೆ ಅದನ್ನು ಸುಮ್ಮನೆ ಮಲಗಿಸಿ, ಅದರ ಪಾಡಿಗೆ ಅಲುಗಲು ಬಿಟ್ಟಾಗ ಐದೂ ಒಂದು ರೂಪಾಯಿ ನಾಣ್ಯದಡಿ ಅಡಗುವಷ್ಟು ಹತ್ತಿರ ಬಿದ್ದವು.

‘ಟ್ಯೂನಿಂಗ್’ಗೆ ‘ಶ್ರುತಿಗೊಳಿಸುವುದು’ ಎಂದವರ ವಾದದಲ್ಲಿ ಒಂದಿಷ್ಟು ಹುರುಳಿದೆ, ಏಕೆಂದರೆ ಹದವಿಲ್ಲದ ಕೋವಿ ಹೊಡೆದ ಮೇಲೂ ಅದರ ಸ್ಪ್ರಿಂಗು ‘ಟಣ್’ ಎಂದು ಮಿಡಿಯುತ್ತಲೇ ಇರುತ್ತದೆ. ಆದರೆ ನಾವು ಆ ನಾದವನ್ನು ಸರಿಯಾದ ಸ್ವರಕ್ಕೆ ತರುವುದಿಲ್ಲ, ಅಡಗಿಸುತ್ತೇವೆ. ಲೋಹದ ಚೂಪು ಅಂಚುಗಳನ್ನು ಉಜ್ಜಿ ತೆಗೆಯುವುದು, ಸ್ಪ್ರಿಂಗಿನೊಳಗಿನ ಕಡ್ಡಿ ಸಡಿಲವಾಗಿದ್ದರೆ ಬಿಗಿಯಾಗಿ ಕೂರುವಂಥದನ್ನು ಹಾಕುವುದು, ದಪ್ಪ ಗ್ರೀಸನ್ನು ತೆಳುವಾಗಿ ಸವರುವುದು, ಸವೆದ ಪಿಸ್ಟನ್ ವಾಷರ್ ಬದಲಿಸುವುದು, ಇವೆಲ್ಲ ಹದದ ಕೆಲಸಗಳು. ಪಾಕಕ್ಕೂ ಮಣ್ಣಿಗೂ ಕತ್ತಿಯ ಬಾಯಿಗೂ ಸಲ್ಲುವ ‘ಹದ’ ಇರುವಾಗ ವೀಣೆಯ ಮಾತನ್ನು ಇಲ್ಲಿಗೆ ಏಕೆ ತರಬೇಕು?

‘ಬಂದೂಕು’ ಪಾರಸಿಯ ಮೂಲಕ ಬಂದದ್ದು, ಆದ್ದರಿಂದ ತ್ಯಾಜ್ಯ ಎಂದು ಈ ಚರ್ಚೆಯಲ್ಲಿ ಬಂದ ಮಾತನ್ನು ನಾನು ಒಪ್ಪುವುದಿಲ್ಲ. ನಾನು ‘ಗಾಳಿಕೋವಿ’ ಎನ್ನುವುದು ಶುದ್ಧಿಗಾಗಿ ಅಲ್ಲ. ‘ಕೋವಿ’ ಎಂದರೆ ಕೊಳವೆ, ಗಾಳಿಯನ್ನು ಕೊಳವೆಯೊಳಗೆ ಅದುಮಿ ಗುಂಡು ದೂಡುವ ಸಾಧನಕ್ಕೆ ಅದು ಮೈಗೊಪ್ಪುವ ಹೆಸರು, ಕೊಡಗಿನಲ್ಲೂ ಮಲೆನಾಡಿನಲ್ಲೂ ಇಂದಿಗೂ ಬಾಯಲ್ಲಿರುವ ಹೆಸರು. ಅದೇ ಕಾರಣಕ್ಕೆ ‘ಟ್ರಿಗರ್’ ಬೇಡ, ‘ಕುದುರೆ’ ಇರಲಿ. ಆದರೆ ಪಿಸ್ಟನ್ನಿಗೆ ‘ಆಡುಬೆಣೆ’ ಎಂದು ಬರೆದರೆ ಕೋವಿ ಬಿಚ್ಚಿ ಕೂತವನು ಕೈಪಿಡಿ ಮುಚ್ಚಿಟ್ಟು ಗ್ಯಾರೇಜಿನವನನ್ನು ಕೇಳಬೇಕಾಗುತ್ತದೆ. ಪಿಸ್ಟನ್ ಪಿಸ್ಟನ್ನಾಗಿಯೇ ಇರಲಿ, ಸ್ಪ್ರಿಂಗೂ ಹಾಗೆಯೇ. ‘ಪೆಲೆಟ್’ ಎಂಬುದನ್ನು ಮಾತ್ರ ‘ಚರೆ’ ಮಾಡಬೇಡಿ. ಅದು ತೋಟಾದೊಳಗಿನ ಹಲವು ಕಾಳುಗಳ ಹೆಸರು, ಇಲ್ಲಿ ಹಾರುವುದು ಒಂದೇ ಗುಂಡು.

‘ಡ್ರೈ ಫೈರ್’ಗೆ (ಗುಂಡು ಹಾಕದೆ ಹೊಡೆಯುವುದಕ್ಕೆ) ನೀವು ಬರೆದ ‘ಶುಷ್ಕ ಗುಂಡಿನ ದಾಳಿ ನಿಷಿದ್ಧ’ ಎಂಬ ಎಚ್ಚರಿಕೆಯನ್ನು ಇಂದೇ ಬದಲಿಸಿ. ಗುಂಡಿಲ್ಲದಿದ್ದರೆ ಗಾಳಿ ನಳಿಗೆಯಿಂದ ಸುಲಭವಾಗಿ ನುಗ್ಗಿಹೋಗುತ್ತದೆ, ತಡೆಯಿಲ್ಲದ ಪಿಸ್ಟನ್ ಕೊನೆಗೋಡೆಗೆ ಅಪ್ಪಳಿಸುತ್ತದೆ. ಹೀಗೆ ಬರೆಯಬಹುದು: ‘ಗುಂಡು ಹಾಕದೆ ಕುದುರೆ ಎಳೆಯಬೇಡಿ; ಪಿಸ್ಟನ್ ಮತ್ತು ಸ್ಪ್ರಿಂಗು ಒಡೆಯುತ್ತವೆ.’